ಬಾಂಗ್ಲಾದೇಶದ ಪಕ್ಷಾತೀತ ಉಸ್ತುವಾರಿ ಸರ್ಕಾರದಲ್ಲಿ ಮಂತ್ರಿಗಳಾಗಿ ಯಾರಿರುತ್ತಿದ್ದರು?

ಹೆಚ್ಚೆಂದರೆ 11 ಜನ. ಒಬ್ಬರು ಮುಖ್ಯ ಸಲಹೆಗಾರರು, ಅವರ ಜೊತೆ 10ಕ್ಕೆ ಮೀರದಂತೆ ಸಲಹೆಗಾರರು. ಮುಖ್ಯ ಸಲಹೆಗಾರರಿಗೆ ಪ್ರಧಾನಿಯ ಸ್ಥಾನಮಾನ, ಉಳಿದವರಿಗೆ ಮಂತ್ರಿಯ ಸ್ಥಾನಮಾನ. ಸಲಹೆಗಾರರನ್ನು ಆರಿಸುತ್ತಿದ್ದವರು ಮುಖ್ಯ ಸಲಹೆಗಾರರೇ, ನೇಮಕದ ಆದೇಶ ಮಾತ್ರ ರಾಷ್ಟ್ರಪತಿಯದು. ಇದನ್ನೆಲ್ಲ 1996ರ 13ನೇ ತಿದ್ದುಪಡಿಯ ಮೂಲಕ ಸಂವಿಧಾನದಲ್ಲೇ ಬರೆದಿಟ್ಟಿದ್ದರು.

ನಮ್ಮಲ್ಲಿ ಚುನಾವಣೆ ಘೋಷಣೆಯಾದ ಮೇಲೂ ಅದೇ ಮುಖ್ಯಮಂತ್ರಿ, ಅದೇ ಮಂತ್ರಿಗಳು ಕುರ್ಚಿಯಲ್ಲಿರುತ್ತಾರೆ. ನೀತಿ ಸಂಹಿತೆ ಬರುತ್ತೆ, ಅಷ್ಟೇ. ಅಲ್ಲಿ ಹಾಗಲ್ಲ. ಸಂಸತ್ತು ವಿಸರ್ಜನೆಯಾದ 15 ದಿನದೊಳಗೆ ಇಡೀ ಸಂಪುಟ ಮನೆಗೆ ಹೋಗಿ, ಪಕ್ಷಕ್ಕೆ ಸೇರದವರ ತಂಡ ಬರಬೇಕಿತ್ತು. 90 ದಿನದೊಳಗೆ ಚುನಾವಣೆ. 1994ರ ಮಾಗುರಾ ಉಪಚುನಾವಣೆಯಲ್ಲಿ ಅಕ್ರಮ ನಡೆಯಿತು ಅಂತ ವಿರೋಧ ಪಕ್ಷಗಳು ಬೀದಿಗಿಳಿದು, ಎರಡು ವರ್ಷ ಬಿಡದೆ ಹೋರಾಡಿ ಇದನ್ನು ಪಡೆದವು.

ಸಲಹೆಗಾರರಾಗಲು ನಾಲ್ಕು ಷರತ್ತುಗಳಿದ್ದವು. ಸಂಸದರಾಗುವ ಅರ್ಹತೆ ಇರಬೇಕು. ಯಾವ ಪಕ್ಷದಲ್ಲೂ, ಪಕ್ಷದ ಅಂಗಸಂಸ್ಥೆಯಲ್ಲೂ ಸದಸ್ಯರಾಗಿರಬಾರದು. ವಯಸ್ಸು 72 ದಾಟಿರಬಾರದು. ನನಗೆ ತುಂಬ ಇಷ್ಟವಾದದ್ದು ನಾಲ್ಕನೆಯದು: ಬರುವ ಚುನಾವಣೆಗೆ ನಿಲ್ಲೋದಿಲ್ಲ ಅಂತ ಬರೆದುಕೊಡಬೇಕು. ಬಾಯಿಮಾತಲ್ಲ, ಕಾಗದದ ಮೇಲೆ.

1996ರ ಮೊದಲ ತಂಡ ನೋಡಿದರೆ ಎಂಥವರು ಬರುತ್ತಿದ್ದರು ಅಂತ ಗೊತ್ತಾಗುತ್ತೆ. ಮುಖ್ಯ ಸಲಹೆಗಾರರು ನಿವೃತ್ತ ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಹಬೀಬುರ್ ರಹಮಾನ್. ಅವರ ಜೊತೆ ವಕೀಲ ಸೈಯದ್ ಇಷ್ತಿಯಾಕ್ ಅಹ್ಮದ್, ಅರ್ಥಶಾಸ್ತ್ರಜ್ಞ ವಹೀದುದ್ದೀನ್ ಮಹಮೂದ್, ಎಂಜಿನಿಯರ್ ಜಮೀಲುರ್ ರೆಜಾ ಚೌಧುರಿ, ಢಾಕಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ನಜ್ಮಾ ಚೌಧುರಿ, ಉದ್ಯಮಿ ಸೈಯದ್ ಮಂಜೂರ್ ಇಲಾಹಿ. ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನುಸ್ ಕೂಡ ಇದ್ದರು. ಜನ ಕಡಿಮೆ, ಖಾತೆ ಜಾಸ್ತಿ. ಹಾಗಾಗಿ ಒಬ್ಬೊಬ್ಬರ ಮೇಜಿಗೆ ಎರಡು ಮೂರು ಇಲಾಖೆಯ ಫೈಲು ಬರುತ್ತಿತ್ತು. ಆದರೆ ದಿನನಿತ್ಯದ ಆಡಳಿತ ಬಿಟ್ಟು ದೊಡ್ಡ ನೀತಿ ತೀರ್ಮಾನಗಳಿಗೆ ಕೈಹಾಕುವಂತಿರಲಿಲ್ಲ.

ರಕ್ಷಣಾ ಖಾತೆ ಮಾತ್ರ ಈ ತಂಡದ ಕೈಗೆ ಬರುತ್ತಿರಲಿಲ್ಲ, ರಾಷ್ಟ್ರಪತಿ ಹತ್ತಿರವೇ ಇರುತ್ತಿತ್ತು. 1996ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಬ್ದುರ್ ರಹಮಾನ್ ಬಿಸ್ವಾಸ್ ಸೇನಾ ಮುಖ್ಯಸ್ಥ ನಸೀಮ್ ಅವರನ್ನು ವಜಾ ಮಾಡಿದಾಗ ದೇಶ ದಂಗೆಯ ಅಂಚಿಗೆ ಹೋಗಿತ್ತು. ಅಂಥ ಹೊತ್ತಲ್ಲೂ ಹಬೀಬುರ್ ರಹಮಾನ್ ತಂಡ ಕಂಗೆಡದೆ ಜೂನ್ 12ಕ್ಕೆ ಮತದಾನ ಮುಗಿಸಿತು. ಈ ಒಂದು ಕಾರಣಕ್ಕೇ ಆ ತಂಡದ ಬಗ್ಗೆ ನನಗೆ ದೊಡ್ಡ ಗೌರವ.

ಹಾಗಾದರೆ ವ್ಯವಸ್ಥೆ ಕೆಟ್ಟಿದ್ದೆಲ್ಲಿ? ನನ್ನ ಪ್ರಕಾರ ಆ ಹತ್ತು ಜನರಲ್ಲಿ ಅಲ್ಲ, ಮೇಲಿನ ಒಂದು ಕುರ್ಚಿಯಲ್ಲಿ. ಕೊನೆಯದಾಗಿ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿಯೇ ಮುಖ್ಯ ಸಲಹೆಗಾರ ಅನ್ನೋದು ನಿಯಮ. ಅವರು ಆಗಲ್ಲ ಅಂದರೆ ಅವರಿಗಿಂತ ಹಿಂದಿನವರು, ಆಮೇಲೆ ಸುಪ್ರೀಂ ಕೋರ್ಟಿನ ಮೇಲ್ಮನವಿ ವಿಭಾಗದ ನಿವೃತ್ತ ನ್ಯಾಯಮೂರ್ತಿಗಳು, ಆಮೇಲೆ ಪಕ್ಷಗಳ ಜೊತೆ ಮಾತಾಡಿ ಆರಿಸಿದ ನಾಗರಿಕ, ಯಾರೂ ಸಿಗದಿದ್ದರೆ ರಾಷ್ಟ್ರಪತಿ. ಅಂದರೆ ಚುನಾವಣೆ ಹೊತ್ತಿಗೆ ಯಾರು ಕೂರುತ್ತಾರೆ ಅಂತ ವರ್ಷಗಳ ಮೊದಲೇ ಲೆಕ್ಕ ಹಾಕಬಹುದು, ಅಲ್ವಾ?

ಆಗಿದ್ದೂ ಅದೇ. 2004ರಲ್ಲಿ ಖಾಲಿದಾ ಜಿಯಾ ಅವರ ಬಿಎನ್‌ಪಿ (ಬಾಂಗ್ಲಾದೇಶ ನ್ಯಾಷನಲಿಸ್ಟ್ ಪಾರ್ಟಿ) ಸರ್ಕಾರ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಿತು. ಇದರಿಂದ ಆಗಿನ ಮುಖ್ಯ ನ್ಯಾಯಮೂರ್ತಿಯ ನಿವೃತ್ತಿ ಮುಂದಕ್ಕೆ ಹೋಗಿ, 2006ರ ಸರದಿ ಅವರಿಗಿಂತ ಮೊದಲೇ ನಿವೃತ್ತರಾಗಿದ್ದ ಕೆ.ಎಂ. ಹಸನ್ ಅವರಿಗೆ ಬರುವಂತಾಯಿತು. ಹಸನ್ ಅವರಿಗೆ ಹಿಂದೆ ಬಿಎನ್‌ಪಿ ನಂಟಿತ್ತು, ಅವರು ಬೇಡ ಅಂತ ಶೇಖ್ ಹಸೀನಾ ಅವರ ವಿರೋಧ ಪಕ್ಷ ಅವಾಮಿ ಲೀಗ್ ಪಟ್ಟು ಹಿಡಿಯಿತು. ಢಾಕಾದ ಬೀದಿಗಳಲ್ಲಿ ಹೆಣ ಬಿದ್ದವು. ಹಸನ್ ಹಿಂದೆ ಸರಿದರು. ಆಗ ರಾಷ್ಟ್ರಪತಿ ಇಯಾಜುದ್ದೀನ್ ಅಹ್ಮದ್ ತಾವೇ ಮುಖ್ಯ ಸಲಹೆಗಾರರಾಗಿಬಿಟ್ಟರು. ಡಿಸೆಂಬರ್‌ನಲ್ಲಿ ತಂಡವನ್ನು ಕೇಳದೆ ಸೇನೆ ಇಳಿಸಿದಾಗ ಅಕ್ಬರ್ ಅಲಿ ಖಾನ್, ಸುಲ್ತಾನಾ ಕಮಾಲ್ ಸೇರಿ ನಾಲ್ವರು ಸಲಹೆಗಾರರು ರಾಜೀನಾಮೆ ಕೊಟ್ಟು ಎದ್ದುಬಂದರು. ಅಧಿಕಾರದ ಕುರ್ಚಿ ಬಿಡೋದು ಸುಮ್ನೆ ಮಾತಲ್ಲ. ಆ ಇಡೀ ಗದ್ದಲದಲ್ಲಿ ಪಕ್ಷಾತೀತ ಅಂದರೇನು ಅಂತ ತೋರಿಸಿದವರು ಆ ನಾಲ್ವರೇ.

2007ರ ಜನವರಿ 11ಕ್ಕೆ ತುರ್ತು ಪರಿಸ್ಥಿತಿ ಬಂತು. ಮರುದಿನ ಕೇಂದ್ರ ಬ್ಯಾಂಕಿನ ಮಾಜಿ ಗವರ್ನರ್ ಫಖ್ರುದ್ದೀನ್ ಅಹ್ಮದ್ ಬಂದರು. ಹಿಂದೆ ಸೇನೆ ಇತ್ತು. 90 ದಿನದ ಸರ್ಕಾರ ಸುಮಾರು ಎರಡು ವರ್ಷ ಕೂತಿತು. ಹಸೀನಾ, ಖಾಲಿದಾ ಇಬ್ಬರೂ ಜೈಲಿಗೆ ಹೋದರು. ಆದರೂ ಫೋಟೋ ಇರುವ ಹೊಸ ಮತದಾರರ ಪಟ್ಟಿ ಕೊಟ್ಟಿದ್ದು ಇದೇ ತಂಡದ ಅವಧಿಯಲ್ಲಿ. 1996, 2001, 2008, ಮೂರೂ ಸಲ ಅದಕ್ಕೂ ಮುಂಚೆ ಆಳಿದ ಪಕ್ಷ ಸೋತಿತು. 2011ರಲ್ಲಿ ಹಸೀನಾ ಸರ್ಕಾರ 15ನೇ ತಿದ್ದುಪಡಿಯಿಂದ ಇದನ್ನು ತೆಗೆದುಹಾಕಿತು.

ಇನ್ನೊಂದು ಮಾತು. 2024ರ ಆಗಸ್ಟ್‌ನಲ್ಲಿ ಬಂದ ಯೂನುಸ್ ಸರ್ಕಾರವನ್ನು ಇದರ ಜೊತೆ ಬೆರೆಸಬೇಡಿ. ಅದು ಮಧ್ಯಂತರ ಸರ್ಕಾರ. ಅದಕ್ಕೆ 10ರ ಮಿತಿಯೂ ಇರಲಿಲ್ಲ, 90 ದಿನದ ಗಡುವೂ ಇರಲಿಲ್ಲ. ವಿದ್ಯಾರ್ಥಿ ನಾಯಕರೂ ಸಲಹೆಗಾರರಾಗಿದ್ದರು. ಅವರಲ್ಲಿ ನಹೀದ್ ಇಸ್ಲಾಂ 2025ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಹೊಸ ಪಕ್ಷ ಕಟ್ಟಿದರು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉಸ್ತುವಾರಿ ವ್ಯವಸ್ಥೆಯನ್ನು ಮರಳಿ ತಂದಿದೆ. ಆದರೆ ಅದು ಲಾಗೂ ಆಗೋದು ತೀರ್ಪಿನ ನಂತರದ ಮೊದಲ ಚುನಾವಣೆಗಲ್ಲ, ಅದರ ಮುಂದಿನದಕ್ಕೆ. ಅಷ್ಟರೊಳಗೆ ಮುಖ್ಯ ಸಲಹೆಗಾರರ ಆಯ್ಕೆಯಿಂದ ನಿವೃತ್ತ ನ್ಯಾಯಮೂರ್ತಿಗಳನ್ನು ಹೊರಗಿಡಲಿ ಅನ್ನೋದು ನನ್ನ ಆಸೆ.