ಜುಲೈನಲ್ಲಿ ಆಪರೇಷನ್: ಹೊಸ ಡಾಕ್ಟರುಗಳಿಗೆ ಹೆದರಬೇಕೆ?

ಪ್ರಶ್ನೆ: ಅಣ್ಣ ಅಮೆರಿಕದಲ್ಲಿದ್ದಾನೆ. ಪಿತ್ತಕೋಶದ ಕಲ್ಲಿಗೆ ಜುಲೈ ಎರಡನೇ ವಾರ ಲ್ಯಾಪರೊಸ್ಕೋಪಿ ಆಪರೇಷನ್ ಗೊತ್ತಾಗಿದೆ. ಅದು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ‘ಜುಲೈನಲ್ಲಿ ಹೊಸಬರು ಬರುತ್ತಾರೆ, ಮುಂದಕ್ಕೆ ಹಾಕು’ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಅದೊಂದೇ ಕಾರಣಕ್ಕೆ ಮುಂದೂಡಬೇಡಿ. ಕಲ್ಲು ಜಾರಿ ಪಿತ್ತನಾಳ ಕಟ್ಟಿಕೊಂಡರೆ ಕಾಮಾಲೆಯೋ ಮೇದೋಜೀರಕ ಗ್ರಂಥಿಯ ಊತವೋ ಬಂದೀತು, ಆಗ ಜುಲೈಗಿಂತ ದೊಡ್ಡ ತಾಪತ್ರಯ.

ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅಲ್ಲಿ ತರಬೇತಿ ವರ್ಷ ಶುರುವಾಗುವುದು ಜುಲೈ 1ರ ಆಸುಪಾಸಿನಲ್ಲಿ. ಅಂದು ತರಬೇತಿಯ ಮೊದಲ ವರ್ಷದ ಇಂಟರ್ನ್‌ಗಳು ಬರುವುದಷ್ಟೇ ಅಲ್ಲ, ಆಗಲೇ ತರಬೇತಿಯಲ್ಲಿರುವ ಡಾಕ್ಟರುಗಳಾದ ರೆಸಿಡೆಂಟ್‌ಗಳೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತಾರೆ. ನಿನ್ನೆಯವರೆಗೆ ಇಂಟರ್ನ್ ಆಗಿದ್ದವರು ಇಂದು ಇನ್ನೊಬ್ಬ ಇಂಟರ್ನ್‌ನ ಮೇಲ್ವಿಚಾರಕರು. ಬ್ರಿಟನ್‌ನಲ್ಲಿ ಈ ಬದಲಾವಣೆ ಆಗಸ್ಟ್‌ನ ಮೊದಲ ಬುಧವಾರ. ಅಲ್ಲಿ ತುರ್ತಾಗಿ ದಾಖಲಾದವರ 2000–2008ರ ಲೆಕ್ಕವನ್ನು 2009ರಲ್ಲಿ ನೋಡಿದಾಗ, ಆ ಬುಧವಾರ ಸೇರಿದವರಲ್ಲಿ ಸಾವಿನ ಸಂಭವ ಹಿಂದಿನ ವಾರದ ಬುಧವಾರಕ್ಕಿಂತ ಸುಮಾರು ಶೇ. 6ರಷ್ಟು ಹೆಚ್ಚಿತ್ತು. ಆದರೆ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಬೇರೆಯಾಗಿ ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ 2007ರ ಒಂದು ಅಧ್ಯಯನ ಜುಲೈ–ಆಗಸ್ಟ್‌ನ ಆಪರೇಷನ್‌ಗಳಲ್ಲಿ ತೊಡಕುಗಳು ಹೆಚ್ಚೆಂದಿತು. ಆಮೇಲೆ ಬಂದ ಅಧ್ಯಯನಗಳಲ್ಲಿ ಹೆಚ್ಚಿನವಕ್ಕೆ ಅದು ಸಿಗಲಿಲ್ಲ.

ಕಾರಣ ಸರಳ. ಥಿಯೇಟರಿನಲ್ಲಿ ಹೊಸಬರನ್ನು ಒಂಟಿಯಾಗಿ ಬಿಡುವುದಿಲ್ಲ. ನಿಮ್ಮ ಅಣ್ಣನ ಆಪರೇಷನ್ನಿನಲ್ಲಿ ಇಂಟರ್ನ್ ಕ್ಯಾಮೆರಾ ಹಿಡಿಯಬಹುದು, ಚರ್ಮ ಹೊಲಿಯಬಹುದು. ಅಪಾಯ ಇರುವುದು ನಾಳಕ್ಕೆ ಕ್ಲಿಪ್ ಹಾಕುವ ಗಳಿಗೆಯಲ್ಲಿ: ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬಿಡಿಸಿಕೊಂಡು, ಅದಕ್ಕೆ ಸೇರುವ ಎರಡೇ ಎರಡು ಕೊಳವೆಗಳು ಸ್ಪಷ್ಟವಾಗಿ ಕಾಣುವ ತನಕ ಯಾವುದನ್ನೂ ಕತ್ತರಿಸಬಾರದು. ಇಲ್ಲಿ ಎಡವಿದರೆ ಮುಖ್ಯ ಪಿತ್ತನಾಳವೇ ತುಂಡಾದೀತು. ಇಂಥ ನಿರ್ಣಾಯಕ ಹಂತದಲ್ಲಿ ಹಿರಿಯ ಸರ್ಜನ್ ಎದುರಿಗೇ ಇರಬೇಕೆಂಬುದು ಮೆಡಿಕೇರ್‌ಗೆ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಬಿಲ್ ಕಳಿಸುವ ನಿಯಮ ಕೂಡ. ಹೊಸಬರಿಂದ ಖಂಡಿತ ಆಗುವುದೆಂದರೆ, ಆಪರೇಷನ್ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುವುದು.

ಪ್ರಶ್ನೆ: ಹಾಗಾದರೆ ತಪ್ಪಾಗುವುದು ಎಲ್ಲಿ?

ಉತ್ತರ: ವಾರ್ಡಿನಲ್ಲಿ, ಅದೂ ರಾತ್ರಿ ಹೊತ್ತು. ನಾಡಿ 80ರಿಂದ 115ಕ್ಕೆ ಏರಿದ್ದನ್ನು ‘ನೋವಿಗೆ ಇರಬಹುದು’ ಎಂದು ಬಿಟ್ಟರೆ ಒಳಗಿನ ರಕ್ತಸ್ರಾವ ಬೆಳಗಿನ ತನಕ ಯಾರ ಕಣ್ಣಿಗೂ ಬೀಳದು. ರಕ್ತದೊತ್ತಡ ಇಳಿಯುವುದು ತಡವಾಗಿ, ನಾಡಿ ಏರುವುದು ಮೊದಲು. 70 ಕಿಲೋ ತೂಕದವರಿಗೆ ಮೂತ್ರ ಗಂಟೆಗೆ ಸುಮಾರು 35 ಮಿಲಿಲೀಟರಿಗಿಂತ ಕಡಿಮೆಯಾದರೆ ಅದೂ ಸೂಚನೆಯೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬರೆಯಲು ಮರೆಯುವುದು, ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮತ್ತೆ ಶುರು ಮಾಡದಿರುವುದು ಇನ್ನೆರಡು. ಇವು ಕೈಚಳಕ ಸಾಲದೆ ಆಗುವ ತಪ್ಪುಗಳಲ್ಲ. ಹಿರಿಯರನ್ನು ನಡುರಾತ್ರಿ ಎಬ್ಬಿಸಲು ಹಿಂಜರಿಯುವುದರಿಂದ, ಪಾಳಿ ಬದಲಾಗುವಾಗ ಅರ್ಧ ಮಾತು ಉಳಿದುಹೋಗುವುದರಿಂದ ಆಗುವಂಥವು. ಪಾಳಿ ಒಪ್ಪಿಸುವುದಕ್ಕೆ ಒಂದು ಕ್ರಮ ತಂದು ತರಬೇತಿ ಕೊಟ್ಟಾಗ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಾರ್ಡುಗಳಲ್ಲಿ ತಪ್ಪುಗಳು ಶೇ. 23ರಷ್ಟು ಇಳಿದವು (2014).

ಆದ್ದರಿಂದ ‘ಹೊಸಬರು ಮುಟ್ಟುತ್ತಾರಾ?’ ಎಂದು ಕೇಳುವುದಕ್ಕಿಂತ ಇವನ್ನು ಕೇಳಿ: ಇಡೀ ಆಪರೇಷನ್‌ಗೆ ಹಿರಿಯ ಸರ್ಜನ್ ಇರುತ್ತಾರೆಯೇ? ರಾತ್ರಿ ಯಾರು ನೋಡುತ್ತಾರೆ, ಅವರು ಯಾರನ್ನು ಕರೆಯುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಮಾತ್ರೆಗಳ ಪಟ್ಟಿಯನ್ನು ಡೋಸ್ ಸಮೇತ ಬರೆದು ಕೈಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಟ್ರೈನಿ ಡಾಕ್ಟರ್ ಬೇಡವೆನ್ನಬಹುದೇ?

ಉತ್ತರ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಹೇಳಬಹುದು. ಆದರೆ ಬೋಧನಾ ಆಸ್ಪತ್ರೆಯಲ್ಲಿ ರಾತ್ರಿ ಹಾಸಿಗೆ ಬಳಿ ಮೊದಲು ಬರುವವರು ಅವರೇ, ಅವರನ್ನು ದೂರವಿಟ್ಟರೆ ನಷ್ಟ ರೋಗಿಗೇ. ಅಂದಹಾಗೆ, ಈ ಆಪರೇಷನ್ ಆದವರಲ್ಲಿ ಹಲವರನ್ನು ಅಲ್ಲಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆಗ ವಾರ್ಡಿನ ಕೆಲಸ ಮನೆಯವರದು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ಇಳಿಯುವ ಬದಲು ಏರುತ್ತ ಹೋದರೆ, ವಾಂತಿ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಫೋನ್ ಮಾಡಬೇಕು.