ಪತಿಯ ಹಳೆಯ ಬಾಕಿಗಾಗಿ ಅಮೆರಿಕದಲ್ಲಿ ನಮ್ಮ ಜಂಟಿ ತೆರಿಗೆ ರೀಫಂಡ್ ಹಿಡಿದುಕೊಂಡಿದ್ದಾರೆ. ನನ್ನ ಪಾಲು ವಾಪಸು ಸಿಗುತ್ತದೆಯೇ?

ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ತಾನಾಗಿ ಬರುವುದಿಲ್ಲ. ನೀವೇ ಅರ್ಜಿ ಸಲ್ಲಿಸಿ ಕೇಳಬೇಕು. ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳಿಗೆ ರಿಟರ್ನ್ ತಯಾರಿಸಿಕೊಡುವುದು ನನ್ನ ವೃತ್ತಿ. ಹೀಗೆ ರೀಫಂಡ್ ಕಳೆದುಕೊಂಡು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಫೋನ್ ಮಾಡಿ ಜಗಳವಾಡಿ ಸುಸ್ತಾಗಿರುತ್ತಾರೆ.

ಪತಿಯ ಹಿಂದಿನ ಮದುವೆಯ ಮಗುವಿನ ಪಾಲನಾ ವೆಚ್ಚ ಬಾಕಿಯಿತ್ತು ಎಂದು ನೀವು ಬರೆದಿದ್ದೀರಿ. ಅಂಥ ಬಾಕಿಗೆ ಹಣ ಮುರಿದುಕೊಳ್ಳುವುದು ಐಆರ್‌ಎಸ್ ಅಲ್ಲ, ಖಜಾನೆ ಇಲಾಖೆಯ ಬ್ಯೂರೋ ಆಫ್ ದ ಫಿಸ್ಕಲ್ ಸರ್ವಿಸ್. ರೀಫಂಡ್ ಪಾವತಿಸುವ ಮುನ್ನ ಅದು ತೆರಿಗೆದಾರರ ಗುರುತನ್ನು ಟ್ರೆಷರಿ ಆಫ್‌ಸೆಟ್ ಪ್ರೋಗ್ರಾಮ್‌ನ ಬಾಕಿದಾರರ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಜಂಟಿ ರಿಟರ್ನ್‌ನಲ್ಲಿ ಇಬ್ಬರಲ್ಲಿ ಒಬ್ಬರು ಬಾಕಿದಾರರಾಗಿದ್ದರೂ ಪೂರ್ತಿ ರೀಫಂಡನ್ನೇ ಮುಟ್ಟಬಹುದು. ಹಳೆಯ ಫೆಡರಲ್ ತೆರಿಗೆ ಬಾಕಿಯಿದ್ದರೆ ಅದನ್ನು ಐಆರ್‌ಎಸ್ ಮೊದಲೇ ಕಳೆದುಕೊಂಡಿರುತ್ತದೆ. ನಂತರ ಮಕ್ಕಳ ಪಾಲನಾ ವೆಚ್ಚ, ಆಮೇಲೆ ಫೆಡರಲ್ ಸಂಸ್ಥೆಗಳ ಸಾಲ, ಕೊನೆಗೆ ರಾಜ್ಯದ ಆದಾಯ ತೆರಿಗೆಯಂಥ ಬಾಕಿಗಳು ಬರುತ್ತವೆ. ಕ್ರೆಡಿಟ್ ಕಾರ್ಡ್ ಕಂಪನಿಗಾಗಲಿ ಖಾಸಗಿ ಆಸ್ಪತ್ರೆಗಾಗಲಿ ಈ ದಾರಿ ತೆರೆದಿಲ್ಲ.

ಮುನ್ಸೂಚನೆಯೇ ಬರಲಿಲ್ಲ ಎಂಬ ನಿಮ್ಮ ದೂರು ಅರ್ಥವಾಗುವಂಥದ್ದೇ, ಆದರೆ ಮುಂಚಿನ ನೋಟಿಸು ಬಾಕಿದಾರರ ಹೆಸರಿಗೆ ಮಾತ್ರ ಹೋಗುತ್ತದೆ. ನಿಮ್ಮ ಪತಿಯ ಹಳೆಯ ವಿಳಾಸಕ್ಕೆ ಹೋಗಿರಬಹುದು, ಕೈಗೆ ಬಂದರೂ ಅವರು ಹೇಳದೆ ಇಟ್ಟುಕೊಂಡಿರಬಹುದು. ಅದು ನಿಮ್ಮ ಮನೆಯೊಳಗಿನ ಮಾತು. ಹಣ ಕಡಿತವಾದ ಮೇಲೆ ಬ್ಯೂರೋ ಕಳುಹಿಸುವ ಪತ್ರವನ್ನು ಮಾತ್ರ ಜೋಪಾನವಾಗಿಡಿ: ಮೂಲ ರೀಫಂಡ್ ಎಷ್ಟು, ಮುರಿದುಕೊಂಡದ್ದೆಷ್ಟು, ಅದು ಯಾವ ಸಂಸ್ಥೆಗೆ ಸಂದಿತು, ಆ ಸಂಸ್ಥೆಯ ವಿಳಾಸ ಮತ್ತು ಫೋನ್ ಸಂಖ್ಯೆ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಬಾಕಿಯ ಮೊತ್ತವೇ ತಪ್ಪು ಎಂಬ ತಕರಾರಿದ್ದರೆ ಪತಿ ಅದನ್ನು ಆ ಸಂಸ್ಥೆಯ ಮುಂದೆಯೇ ಎತ್ತಬೇಕು, ಏಕೆಂದರೆ ಐಆರ್‌ಎಸ್ ಅದರ ವಿಚಾರಣೆ ನಡೆಸುವುದಿಲ್ಲ.

ನೀವು ಸಲ್ಲಿಸಬೇಕಾದದ್ದು ಫಾರ್ಮ್ 8379, ಅಂದರೆ ಇಂಜ್ಯೂರ್ಡ್ ಸ್ಪೌಸ್ (ಸಂಗಾತಿಯ ಬಾಕಿಗಾಗಿ ತನ್ನ ಪಾಲು ಕಳೆದುಕೊಂಡವರ) ಅರ್ಜಿ. ಇದು ಮಾತ್ರ ಐಆರ್‌ಎಸ್‌ಗೇ ಹೋಗುತ್ತದೆ. ಫಾರ್ಮ್ 8857 ಎಂಬ ಇನ್ನೊಂದಿದೆ. ಅದು ಸಂಗಾತಿ ರಿಟರ್ನ್‌ನಲ್ಲಿ ಮಾಡಿದ ತಪ್ಪಿನಿಂದ ಬಂದ ತೆರಿಗೆ ಹೊಣೆಯಿಂದ ಬಿಡುಗಡೆ ಕೇಳುವವರಿಗೆ, ನಿಮಗಲ್ಲ. 8379ರಲ್ಲಿ ಯಾರ ಸಂಬಳವೆಷ್ಟು, ಯಾರ ಸಂಬಳದಿಂದ ಎಷ್ಟು ತೆರಿಗೆ ಕಡಿತವಾಗಿದೆ ಎಂಬುದನ್ನು ಇಬ್ಬರೂ ಬೇರೆಬೇರೆ ರಿಟರ್ನ್ ಹಾಕಿದ್ದರೆ ಹೇಗಿರುತ್ತಿತ್ತೋ ಹಾಗೆ ಬಿಡಿಸಿ ಬರೆಯಬೇಕು. ಇಬ್ಬರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳು ಜಂಟಿ ರಿಟರ್ನ್‌ನಲ್ಲಿದ್ದ ಕ್ರಮದಲ್ಲೇ ಇರಲಿ, ಇಬ್ಬರ ಡಬ್ಲ್ಯೂ-2 (ಉದ್ಯೋಗದಾತರು ಕೊಡುವ ಸಂಬಳ ಮತ್ತು ತೆರಿಗೆ ಕಡಿತದ ವಿವರಪತ್ರ) ಪ್ರತಿಗಳನ್ನೂ ಲಗತ್ತಿಸಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂತಹ ಸಮುದಾಯ ಆಸ್ತಿ ಕಾನೂನಿನ (ಮದುವೆಯ ನಂತರದ ಗಳಿಕೆ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು ಎನ್ನುವ ಕಾನೂನಿನ) ರಾಜ್ಯಗಳಲ್ಲಿ ವಾಸಿಸುವವರ ಪಾಲನ್ನು ಐಆರ್‌ಎಸ್ ಆಯಾ ರಾಜ್ಯದ ಕಾನೂನಿನಂತೆ ಹಂಚುತ್ತದೆ; ಅಲ್ಲಿ ನೀವು ಲೆಕ್ಕ ಹಾಕಿಕೊಂಡ ಮೊತ್ತ ಬದಲಾಗಬಹುದು.

ರಿಟರ್ನ್ ಈಗಾಗಲೇ ಸಲ್ಲಿಕೆಯಾಗಿರುವುದರಿಂದ ಅರ್ಜಿಯನ್ನು ಪ್ರತ್ಯೇಕವಾಗಿ ಕಳುಹಿಸಿದರೆ ಸಾಕು. ಅದರ ಪರಿಶೀಲನೆಗೆ ಸುಮಾರು 8 ವಾರ ಹಿಡಿಯುತ್ತದೆ. ಬಾಕಿ ತೀರುವವರೆಗೂ ಪ್ರತಿ ವರ್ಷ ಜಂಟಿ ರಿಟರ್ನ್‌ನ ಜೊತೆಗೇ ಈ ಫಾರ್ಮನ್ನೂ ಸೇರಿಸಿ. ಒಂದು ವರ್ಷ ಕೊಟ್ಟದ್ದು ಮರುವರ್ಷಕ್ಕೆ ಅನ್ವಯಿಸುವುದಿಲ್ಲ. ಬೇರೆಬೇರೆ ರಿಟರ್ನ್ ಹಾಕುವುದೂ ಒಂದು ದಾರಿಯೇ, ಆದರೆ ಹಾಗೆ ಮಾಡಿದಾಗ ಕೆಲವು ತೆರಿಗೆ ರಿಯಾಯಿತಿಗಳು ಕೈತಪ್ಪುವುದರಿಂದ ನಾನು ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ನೋಡದೆ ಅದನ್ನು ಯಾರಿಗೂ ಸೂಚಿಸುವುದಿಲ್ಲ. ಅದಕ್ಕಿಂತ ಸರಳವಾದದ್ದೆಂದರೆ, ತೆರಿಗೆ ಕಡಿತ ಎಷ್ಟಿರಬೇಕೆಂದು ತಿಳಿಸಲು ನಿಮ್ಮ ಉದ್ಯೋಗದಾತರಿಗೆ ಕೊಟ್ಟಿರುವ ಡಬ್ಲ್ಯೂ-4 ಫಾರ್ಮನ್ನು ಪರಿಷ್ಕರಿಸಿ, ಸಂಬಳದಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ಕಡಿತವಾಗದಂತೆ ಈಗಲೇ ನೋಡಿಕೊಳ್ಳುವುದು.