ಒಂಟಿಯಾಗಿ ಕೂಡಿಹಾಕಿ ಬೆಳೆಸಿದ ಮಗು ಮುಂದೆ ಮಾತು ಕಲಿಯಬಲ್ಲದೇ?

ಕಲಿಯಬಲ್ಲದು, ಎಷ್ಟು ಎಂಬುದು ಬಹುಮಟ್ಟಿಗೆ ಹೊರಬಂದ ವಯಸ್ಸನ್ನು ಅವಲಂಬಿಸಿದೆ. 1970ರಲ್ಲಿ ಲಾಸ್ ಏಂಜಲೀಸ್ ಬಳಿ ಪತ್ತೆಯಾದ, ಸಂಶೋಧಕರು ‘ಜೀನಿ’ ಎಂದು ಕರೆದ ಹುಡುಗಿಗೆ ಆಗ 13 ವರ್ಷ. ತಂದೆ ಅವಳನ್ನು ಕೋಣೆಯಲ್ಲಿ ಕುರ್ಚಿಗೆ ಕಟ್ಟಿಹಾಕುತ್ತಿದ್ದ. ಸದ್ದು ಮಾಡಿದರೆ ಹೊಡೆತ. ಬಿಡುಗಡೆಯ ನಂತರ ಪದಗಳನ್ನು ಭರದಿಂದ ಕಲಿತಳು, ಜನರೊಡನೆ ನಂಟೂ ಬೆಳೆಸಿಕೊಂಡಳು. ವ್ಯಾಕರಣ ಮಾತ್ರ ಕೈಗೆ ಹತ್ತಲಿಲ್ಲ: ‘ನಾನು’, ‘ನೀನು’ ಅದಲುಬದಲಾಗುತ್ತಿದ್ದವು, ಪ್ರಶ್ನೆವಾಕ್ಯ ಕಟ್ಟಲು ಬರುತ್ತಿರಲಿಲ್ಲ.

ಆದರೆ 1938ರಲ್ಲಿ ಅಮೆರಿಕದ ಒಹಾಯೊದಲ್ಲಿ ಸಿಕ್ಕ, ಆರೂವರೆ ವರ್ಷದ ‘ಇಸಬೆಲ್’ ಸುಮಾರು ಎರಡೇ ವರ್ಷಗಳಲ್ಲಿ ಓರಗೆಯವರ ಮಟ್ಟಕ್ಕೆ ಬಂದಳು. ಅವಳಿಗೆ ಕಿವಿ ಕೇಳದ, ಮಾತು ಬಾರದ ತಾಯಿಯೊಡನೆ ಸನ್ನೆಯ ಒಡನಾಟವಾದರೂ ಇತ್ತು. ನನ್ನ ದೃಷ್ಟಿಯಲ್ಲಿ ಅದೂ ವಯಸ್ಸಿನಷ್ಟೇ ಮುಖ್ಯ. ಜೀನಿಗೆ ಹೊಡೆತ, ಅಪೌಷ್ಟಿಕತೆಗಳೂ ಸೇರಿಕೊಂಡಿದ್ದರಿಂದ ಎಲ್ಲವನ್ನೂ ಒಂಟಿತನದ ಲೆಕ್ಕಕ್ಕೇ ಬರೆಯಲಾಗದು.